ಬೆಳ್ಳಿಯ ನೆನಪಿನ ಚಮಚಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಚಿಕ್ಕಜ್ಜ ತೀರಿಕೊಂಡ ಮೇಲೆ ಅವರ ಟ್ರಂಕಿನ ತಳದಲ್ಲಿ ಪುಟ್ಟದೊಂದು ಗಂಟು ಸಿಕ್ಕಿತು. ಹಳೇ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಎಂಟು ಬೆಳ್ಳಿ ಚಮಚ. ಒಂದೊಂದರ ಮೇಲೂ ಒಂದೊಂದು ಪರದೇಶದ ಊರಿನ ಹೆಸರು. ನಾನು ನೋಡುವಷ್ಟರಲ್ಲಿ ಮೂರನ್ನು ಮನೆಯವರು ತೂಕಕ್ಕೆ ಕೊಟ್ಟಾಗಿತ್ತು. ಅವು ಯಾವ ಊರಿನವು ಅಂತ ಕೂಡ ಯಾರಿಗೂ ನೆನಪಿರಲಿಲ್ಲ. ಉಳಿದ ಐದರಿಂದ ನನ್ನ ಸಂಗ್ರಹ ಶುರುವಾಯಿತು. ಆಗಿನಿಂದ ನೆಂಟರು, ಗೆಳೆಯರು, ಪತ್ರ ಬರೆದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಮೊದಲ ಪ್ರಶ್ನೆಗಳು

ಚಮಚ ಕೂಡಿಡೋದಾ? ಏನಿದು ಸುವೆನೀರ್ ಸ್ಪೂನ್ ಅಂದ್ರೆ?

ಹೋಗಿ ಬಂದ ಊರಿನ ನೆನಪಿಗೆ ತರುವ ಚಮಚ. ಮೈಸೂರು ಕಡೆ ಹೋದವರು ದಾರಿಯಲ್ಲಿ ಚನ್ನಪಟ್ಟಣದ ಬೊಂಬೆ ಕೊಳ್ಳುತ್ತಾರಲ್ಲ, ಹಾಗೆ. ಹಿಡಿಯ ತುದಿಯಲ್ಲಿ ಆ ಊರಿನ ಗುರುತು ಇರುತ್ತದೆ: ಒಂದು ಗೋಪುರ, ಒಂದು ಪ್ರಾಣಿ, ಊರಿನ ಲಾಂಛನ, ಇಲ್ಲವೇ ಯಾರೋ ದೊಡ್ಡ ಮನುಷ್ಯರ ಮುಖ. ಬಟ್ಟಲಿನ ಒಳಗೆ ಊರಿನ ಹೆಸರು ಅಥವಾ ಚಿತ್ರ. ಟೀ ಚಮಚವಾದರೆ 14–15 ಸೆಂಟಿಮೀಟರ್ ಉದ್ದ, ಕಾಫಿ ಚಮಚವಾದರೆ 10ರ ಆಸುಪಾಸು.

ಹಿಡಿಗೆ ಚಿತ್ತಾರ ಮಾಡಿದ ಚಮಚ ನಮಗೇನೂ ಹೊಸದಲ್ಲ. ದೇವರ ಮನೆಯ ಉದ್ಧರಣೆ ನೆನಪಿಸಿಕೊಳ್ಳಿ. ಅದರ ಹಿಡಿಯ ತುದಿಯಲ್ಲೂ ಒಮ್ಮೊಮ್ಮೆ ಹೆಡೆ ಎತ್ತಿದ ನಾಗ ಇರುತ್ತಾನೆ.

ನೆನಪಿಗೆ ತರೋಕೆ ಬೇರೆ ಏನೂ ಸಿಗಲಿಲ್ವಾ? ಚಮಚವೇ ಯಾಕೆ?

ಯುರೋಪಿನಲ್ಲಿ ಚಮಚಕ್ಕೆ ಮೊದಲಿನಿಂದಲೂ ಒಂದು ಮರ್ಯಾದೆ ಇತ್ತು. ಮಗುವಿಗೆ ದೀಕ್ಷಾಸ್ನಾನ ಮಾಡಿಸಿದಾಗ ಬೆಳ್ಳಿ ಚಮಚ ಉಡುಗೊರೆ ಕೊಡುವುದು 15, 16ನೇ ಶತಮಾನದಲ್ಲೇ ರೂಢಿಯಲ್ಲಿತ್ತು. ನಮ್ಮಲ್ಲಿ ಅನ್ನಪ್ರಾಶನಕ್ಕೆ ಬೆಳ್ಳಿ ಬಟ್ಟಲು, ಹಸುಗೂಸಿಗೆ ಬೆಳ್ಳಿ ಒಳಲೆ ಕೊಡುವ ಹಾಗೇ. ಆ ಚಮಚಗಳ ತುದಿಯಲ್ಲಿ ಏಸುವಿನ ಶಿಷ್ಯರ ಪುಟ್ಟ ಮೂರ್ತಿ ಇರುತ್ತಿತ್ತು. ಹನ್ನೆರಡು ಶಿಷ್ಯರು, ಜೊತೆಗೆ ಏಸು, ಒಟ್ಟು 13 ಸೇರಿದರೆ ಪೂರ್ತಿ ಜೊತೆ. ಉಳ್ಳವರು ಪೂರ್ತಿ ಕೊಡುತ್ತಿದ್ದರು, ಉಳಿದವರು ಒಂದೇ ಒಂದು. ಹಿಡಿಯ ತುದಿಗೆ ಮೂರ್ತಿ ಕೂರಿಸುವುದು ಹಾಗೆ ಮೊದಲೇ ಕೈಗೆ ಪಳಗಿತ್ತು. ಆಮೇಲೆ ಶಿಷ್ಯರ ಜಾಗಕ್ಕೆ ಊರುಗಳು ಬಂದವು.

ಇನ್ನೊಂದು ಕಾರಣ ತೀರಾ ಸರಳ. ಚಮಚ ಒಡೆಯುವುದಿಲ್ಲ, ಪೆಟ್ಟಿಗೆಯಲ್ಲಿ ಜಾಗ ತಿನ್ನುವುದಿಲ್ಲ, ಮನೆಗೆ ಬಂದ ಮೇಲೂ ಉಪಯೋಗಕ್ಕೆ ಬರುತ್ತದೆ.

ಈ ಹವ್ಯಾಸ ಎಲ್ಲಿ ಶುರುವಾಯಿತು?

19ನೇ ಶತಮಾನದ ನಡುವಿಗೆ ಯುರೋಪಿನಲ್ಲಿ. ರೈಲು ಬಂದ ಮೇಲೆ ಜನ ಸುಮ್ನೆ ಊರು ನೋಡಲು ಹೊರಡುವುದು ಜಾಸ್ತಿಯಾಯಿತು. ಜರ್ಮನಿ, ಸ್ವಿಟ್ಜರ್ಲೆಂಡಿನ ಬೆಳ್ಳಿ ಕೆಲಸದವರು ಅವರಿಗಾಗಿ ಚಮಚ ಮಾಡತೊಡಗಿದರು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಚಮಚದ ಮೇಲೆ ಕರಡಿ, ಅದು ಆ ಊರಿನ ಲಾಂಛನ. ಜರ್ಮನಿಯ ಹಿಲ್ಡೆಸ್‌ಹೈಮ್ ಊರಿನದಾದರೆ ಹಿಡಿಯ ತುಂಬ ಗುಲಾಬಿ. ಅಲ್ಲಿನ ದೊಡ್ಡ ಚರ್ಚಿನ ಗೋಡೆಗೆ ಹಬ್ಬಿದ ಗುಲಾಬಿ ಗಿಡಕ್ಕೆ ಸಾವಿರ ವರ್ಷ ಅಂತ ಜನ ನಂಬುತ್ತಾರೆ. 1945ರ ಮಾರ್ಚ್‌ನಲ್ಲಿ ಬಾಂಬ್ ಬಿದ್ದು ಚರ್ಚು ಹಾಳಾಯಿತು, ಗಿಡ ಸುಟ್ಟುಹೋಯಿತು. ಆದರೆ ಬೇರು ಬದುಕಿತ್ತು, ಗಿಡ ಮತ್ತೆ ಚಿಗುರಿತು. ಚಿಕ್ಕಜ್ಜನ ಐದರಲ್ಲಿ ಒಂದು ಈ ಗುಲಾಬಿಯದು. ಇಷ್ಟು ತಿಳಿದ ಮೇಲೆ ಅದನ್ನು ಕೈಗೆ ತೆಗೆದುಕೊಳ್ಳುವ ರೀತಿಯೇ ಬದಲಾಯಿತು.

ಅಮೆರಿಕಕ್ಕೆ ಯಾವಾಗ ಬಂತು?

ದೊಡ್ಡದಾಗಿ ಹಬ್ಬಿದ್ದು 1889ರಿಂದ ಈಚೆಗೆ. ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷರಾಗಿ ನೂರು ವರ್ಷ ತುಂಬಿದ ವರ್ಷ ಅದು. ವಾಷಿಂಗ್ಟನ್ ನಗರದ ಗಾಲ್ಟ್ ಎಂಬ ಆಭರಣದಂಗಡಿ ಅವರ ಮುಖವಿರುವ ಚಮಚ ಮಾಡಿಸಿತು. ಬೆನ್ನಿಗೇ ಅವರ ಹೆಂಡತಿ ಮಾರ್ಥಾ ಅವರ ಚಮಚವೂ ಬಂತು. ಈ ಅಂಗಡಿಯ ಯಜಮಾನ ನಾರ್ಮನ್ ಗಾಲ್ಟ್ 1908ರಲ್ಲಿ ತೀರಿಕೊಂಡರು. ಅವರ ಹೆಂಡತಿ ಈಡಿತ್ ಗಾಲ್ಟ್ 1915ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ನರನ್ನು ಮದುವೆಯಾದರು. ಚಮಚ ಮಾರಿದ ಅಂಗಡಿಯ ಒಡತಿ ಶ್ವೇತಭವನಕ್ಕೆ ಹೋದರು!

ಮಾಟಗಾತಿ ಚಮಚ ಅಂತ ಒಂದಿದೆಯಂತೆ, ನಿಜವಾ?

ನಿಜ. ಅಮೆರಿಕದಲ್ಲಿ ಚಮಚದ ಹುಚ್ಚು ಹಿಡಿಸಿದ್ದೇ ಅದು. ಮ್ಯಾಸಚೂಸೆಟ್ಸ್‌ನ ಸೇಲಂ ಎಂಬ ಊರಿನಲ್ಲಿ ಡೇನಿಯಲ್ ಲೋ ಎಂಬ ಆಭರಣದ ವ್ಯಾಪಾರಿ ಇದ್ದರು. ಯುರೋಪಿಗೆ ಹೋದಾಗ ಜರ್ಮನಿಯಲ್ಲಿ ಇಂಥ ಚಮಚ ಕಂಡರು. ನಮ್ಮೂರಿಗೂ ಒಂದು ಮಾಡಿದರೆ ಹೇಗೆ ಅನ್ನಿಸಿತು. ಅವರ ಮಗ ಸೇತ್ ಲೋ ಚಿತ್ರ ಬರೆದುಕೊಟ್ಟರು, ಡರ್ಗಿನ್ ಕಂಪನಿ ತಯಾರಿಸಿತು, 1890–91ರ ಹೊತ್ತಿಗೆ ಮಾರಾಟಕ್ಕೆ ಬಂತು. ಹಿಡಿಯ ಮೇಲೆ ಪೊರಕೆ ಹಿಡಿದ ಮಾಟಗಾತಿ, ಊರಿನ ಹೆಸರು, ಜೊತೆಗೆ ಮೂರು ಗುಂಡುಸೂಜಿ.

ಗುಂಡುಸೂಜಿ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. 1692ರಲ್ಲಿ ಸೇಲಂನಲ್ಲಿ ಮಾಟ ಮಾಡಿದರೆಂದು ಆರೋಪ ಹೊರಿಸಿ 19 ಜನರನ್ನು ಗಲ್ಲಿಗೇರಿಸಿದರು. ಇನ್ನೊಬ್ಬ ಮುದುಕನ ಮೇಲೆ ಕಲ್ಲು ಹೇರಿ ಕೊಂದರು. ಮಾಟಗಾತಿಯರು ಕಾಣದ ಹಾಗೆ ಬಂದು ಸೂಜಿ ಚುಚ್ಚುತ್ತಾರೆ ಎಂಬುದು ಆಗಿನ ದೂರುಗಳಲ್ಲಿ ಒಂದು. ಆ ಸೂಜಿಗಳು ಇವೇ ಅಂತ ಊರಿನ ನ್ಯಾಯಾಲಯದಲ್ಲಿ ಜೋಪಾನವಾಗಿ ಇಟ್ಟಿದ್ದರು. ಬಂದವರೆಲ್ಲ ನೋಡುತ್ತಿದ್ದರು.

ಈ ಚಮಚ ನೋಡಿದಾಗ ನನಗೆ ಬರೀ ಖುಷಿ ಆಗುವುದಿಲ್ಲ. ಕುಸುರಿ ಕೆಲಸ ಅಚ್ಚುಕಟ್ಟಾಗಿದೆ, ಒಪ್ಪುತ್ತೇನೆ. ಆದರೆ ತಪ್ಪೇ ಮಾಡದ ಇಪ್ಪತ್ತು ಜನರ ಸಾವು ಇನ್ನೂರು ವರ್ಷ ಕಳೆಯುವಷ್ಟರಲ್ಲಿ ಟೀ ಮೇಜಿನ ಅಲಂಕಾರವಾಯಿತು. ವ್ಯಾಪಾರವಂತೂ ಜೋರಾಗಿ ನಡೆಯಿತು. ಲೋ ಅವರ ಅಂಗಡಿ ದೇಶದ ತುಂಬ ಅಂಚೆಯಲ್ಲಿ ಚಮಚ ಕಳಿಸಿತು. ಅದನ್ನು ನೋಡಿ ಉಳಿದ ಊರಿನ ವ್ಯಾಪಾರಿಗಳೂ ನಮ್ಮೂರಿಗೆ ಏನಿದೆ ಗುರುತು ಅಂತ ಹುಡುಕಲು ಶುರು ಮಾಡಿದರು.

ಆ ಹೊತ್ತಿಗೇ ಯಾಕೆ ಅಷ್ಟೊಂದು ಹುಚ್ಚು?

ಬೆಳ್ಳಿ ಅಗ್ಗವಾಯಿತು, ಅದು ಮುಖ್ಯ ಕಾರಣ. 1859ರಲ್ಲಿ ನೆವಾಡಾದಲ್ಲಿ ಕಾಮ್‌ಸ್ಟಾಕ್ ಎಂಬ ದೊಡ್ಡ ಬೆಳ್ಳಿ ನಿಕ್ಷೇಪ ಸಿಕ್ಕ ಮೇಲೆ ಗಣಿಗಳಿಂದ ಬೆಳ್ಳಿ ಬರುತ್ತಲೇ ಇತ್ತು. ಇದರಲ್ಲಿ ನಮ್ಮ ದೇಶದ ಪಾತ್ರವೂ ಇದೆ, ಅದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಆಗ ಭಾರತದಲ್ಲಿ ಯಾರು ಬೇಕಾದರೂ ಟಂಕಸಾಲೆಗೆ ಬೆಳ್ಳಿ ಕೊಟ್ಟು ರೂಪಾಯಿ ಹೊಡೆಸಿಕೊಳ್ಳಬಹುದಿತ್ತು. 1893ರ ಜೂನ್ 26ರಂದು ಬ್ರಿಟಿಷ್ ಸರ್ಕಾರ ಅದನ್ನು ನಿಲ್ಲಿಸಿತು. ಲೋಕದ ದೊಡ್ಡ ಗಿರಾಕಿಯೊಬ್ಬ ಕೈ ಹಿಂದೆ ತೆಗೆದ ಹಾಗಾಯಿತು, ಬೆಲೆ ದಡಕ್ಕನೆ ಕುಸಿಯಿತು. 1890ರಲ್ಲಿ ಔನ್ಸಿಗೆ ಒಂದು ಡಾಲರಿನ ಸುತ್ತ ಇದ್ದ ಬೆಳ್ಳಿ 1894ಕ್ಕೆ 65 ಸೆಂಟಿನ ಹತ್ತಿರ ಬಂತು.

ಅದೇ 1893ರಲ್ಲಿ ಶಿಕಾಗೋದ ಮಹಾಮೇಳ. ಕೊಲಂಬಸ್ ಬಂದು 400 ವರ್ಷವಾದ ನೆನಪಿಗೆ ಮಾಡಿದ್ದು, ಸುಮಾರು 2.7 ಕೋಟಿ ಭೇಟಿಗಳಾದವು. ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಈ ಮೇಳದ ಅಂಗವಾಗಿಯೇ. ಕೊಲಂಬಸ್ಸಿನ ಮುಖ, ಹಡಗು, ಮೇಳದ ಒಂದೊಂದು ಕಟ್ಟಡ, ಎಲ್ಲವೂ ಚಮಚದ ಮೇಲೆ ಬಂದವು. ಇಂದಿಗೂ ಹಳೇ ಚಮಚ ಹುಡುಕುವವರಿಗೆ ಈ ಮೇಳದವು ಬೇಗ ಸಿಗುತ್ತವೆ.

ಟೀಗೆ ಕರೆಯುವ ರೂಢಿಯೂ ಇದಕ್ಕೆ ಜೊತೆಯಾಯಿತು. ಬಂದ ಒಬ್ಬೊಬ್ಬರ ಬಸಿಗೂ ಬೇರೆ ಬೇರೆ ಊರಿನ ಚಮಚ ಇಟ್ಟರೆ ಮಾತು ತಾನಾಗಿ ಶುರುವಾಗುತ್ತಿತ್ತು.

ನಮ್ಮ ದೇಶದಲ್ಲೂ ಮಾಡ್ತಿದ್ರಾ?

ಮಾಡುತ್ತಿದ್ದರು, ಅದೂ ಬಹಳ ಚೆನ್ನಾಗಿ. 19ನೇ ಶತಮಾನದ ಕೊನೆಗೆ ಮದರಾಸಿನ ಪಿ. ಓರ್ ಅಂಡ್ ಸನ್ಸ್ ಅಂಗಡಿಯ ‘ಸ್ವಾಮಿ’ ಕೆಲಸ ಹೆಸರಾಗಿತ್ತು. ಸ್ವಾಮಿ ಅಂದರೆ ದೇವರು. ಟೀ ಪಾತ್ರೆ, ಬಟ್ಟಲು, ಚಮಚಗಳ ಮೇಲೆ ದೇವರ ಮೂರ್ತಿ ಉಬ್ಬಿಸಿ ಮಾಡುತ್ತಿದ್ದರು. ಊರಿಗೆ ಮರಳುವ ಇಂಗ್ಲಿಷರು ಜೊತೆ ಜೊತೆಯಾಗಿ ಒಯ್ಯುತ್ತಿದ್ದರು. ಬೆಂಗಳೂರು ದಂಡು ಪ್ರದೇಶದಲ್ಲಿ ಬಾರ್ಟನ್ ಅವರ ಬೆಳ್ಳಿ ಅಂಗಡಿಯಿತ್ತು. ಎಂ.ಜಿ. ರಸ್ತೆಯ ಬಾರ್ಟನ್ ಸೆಂಟರ್ ಹೆಸರಿನಲ್ಲಿ ಅದರ ನೆನಪು ಉಳಿದಿದೆ. ಕಛ್‌ನ ಭುಜ್‌ನಲ್ಲಿ ಊಮರ್ಸಿ ಮಾವ್ಜಿ ಎಂಬ ಮಹಾ ಕುಸುರಿಗಾರರಿದ್ದರು. ಅವರ ಬಳ್ಳಿ ಕೆಲಸದಲ್ಲಿ ಒಂದಿಷ್ಟೂ ಖಾಲಿ ಜಾಗ ಇರುವುದಿಲ್ಲ.

ರೂಪಾಯಿ ನಾಣ್ಯ ಸೇರಿಸಿ ಮಾಡಿದ ಚಮಚಗಳೂ ಇವೆ. ವಿಕ್ಟೋರಿಯಾ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. ಒಂದು ವಿಷಯ ಗಮನಿಸಿ: ನಾಣ್ಯದ ಮೇಲಿರುವುದು ನಾಣ್ಯದ ವರ್ಷ. ಚಮಚ ಎಷ್ಟೋ ಆಮೇಲೆ ಮಾಡಿದ್ದಿರಬಹುದು.

ಅಜ್ಜಿ ಹತ್ರ ಇರೋದು ಇಂಗ್ಲೆಂಡ್ ರಾಣಿಯ ಪಟ್ಟಾಭಿಷೇಕದ ಚಮಚ ಅಂತಾರೆ. ಅಸಲಿನಾ?

ಅಸಲಿ ಒಂದೇ ಇದೆ, ಅದು ಲಂಡನ್ ಟವರ್‌ನಲ್ಲಿದೆ. 12ನೇ ಶತಮಾನದ್ದು, ಬೆಳ್ಳಿಗೆ ಚಿನ್ನದ ಲೇಪ. ಅಭಿಷೇಕದ ಎಣ್ಣೆಯನ್ನು ಅದಕ್ಕೆ ಸುರಿದು, ಪಾದ್ರಿಗಳು ಎರಡು ಬೆರಳು ಅದ್ದಿ ರಾಜನಿಗೆ ಹಚ್ಚುತ್ತಾರೆ. ಬಟ್ಟಲನ್ನು ಉದ್ದಕ್ಕೂ ಎರಡು ಭಾಗ ಮಾಡಿದ್ದು ಅದಕ್ಕೇ ಇರಬೇಕು. 1649ರಲ್ಲಿ ರಾಜನ ತಲೆ ತೆಗೆದ ಮೇಲೆ ಅರಮನೆಯ ಒಡವೆಗಳನ್ನು ಕರಗಿಸಿದರು, ಮಾರಿದರು. ಈ ಚಮಚವನ್ನು ಕಿನರ್ಸ್ಲಿ ಎಂಬುವರು 16 ಶಿಲ್ಲಿಂಗ್ ಕೊಟ್ಟು ಕೊಂಡರು. ಮುಂದೆ ರಾಜಮನೆತನ ಮರಳಿದಾಗ ವಾಪಸ್ ಕೊಟ್ಟರು. ಹಾಗಾಗಿ ಅದು ಉಳಿಯಿತು.

1937 ಮತ್ತು 1953ರ ಪಟ್ಟಾಭಿಷೇಕದ ಹೊತ್ತಿಗೆ ಅದರ ಪ್ರತಿಗಳು ಲೆಕ್ಕವಿಲ್ಲದಷ್ಟು ಮಾರಾಟವಾದವು. ನಿಮ್ಮ ಅಜ್ಜಿಯದು ಅಂಥದ್ದೇ. ಗಿಲೀಟಿನದೂ ಇವೆ, ಬೆಳ್ಳಿಯದೂ ಇವೆ. ಹಿಂಬದಿಯ ಮುದ್ರೆ ನೋಡಿ.

## ಗುರುತು ಹಿಡಿಯುವುದು, ಜೋಪಾನ ಮಾಡುವುದು

ಬೆಳ್ಳಿ ಹೌದೋ ಅಲ್ವೋ ಹೇಗೆ ಗೊತ್ತಾಗುತ್ತೆ?

ಹಿಡಿಯ ಹಿಂಬದಿ ನೋಡಿ. ‘ಸ್ಟರ್ಲಿಂಗ್’ ಅಥವಾ 925 ಅಂತಿದ್ದರೆ ಸಾವಿರಕ್ಕೆ 925 ಭಾಗ ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಜರ್ಮನಿಯದಾದರೆ 800 ಇರುತ್ತದೆ. 1888ರಿಂದ ಈಚಿನದಾದರೆ ಪಕ್ಕದಲ್ಲಿ ಅರ್ಧಚಂದ್ರ ಮತ್ತು ಕಿರೀಟ. ನಾರ್ವೆಯದರಲ್ಲಿ 830 ಸಿಗುತ್ತದೆ.

ಇ.ಪಿ.ಎನ್.ಎಸ್. ಅಂತ ನಾಲ್ಕು ಇಂಗ್ಲಿಷ್ ಅಕ್ಷರವಿದ್ದರೆ ಅದು ಗಿಲೀಟು. ಒಳಗಿರುವುದು ನಾವು ಜರ್ಮನ್ ಸಿಲ್ವರ್ ಅನ್ನುವ ಲೋಹ: ತಾಮ್ರ, ನಿಕಲ್, ಸತು. ಹೆಸರಲ್ಲಿ ಸಿಲ್ವರ್ ಇದೆ, ಒಳಗೆ ಚೂರೂ ಬೆಳ್ಳಿ ಇಲ್ಲ. ಗಿಲೀಟು ಮೊದಲು ಸವೆಯುವುದು ಬಟ್ಟಲಿನ ಬೆನ್ನಿನಲ್ಲಿ, ಮೇಜಿಗೆ ತಾಗುವ ಜಾಗದಲ್ಲಿ. ಅಲ್ಲಿ ಹಳದಿಯೋ ಬೂದಿಯೋ ಬಣ್ಣ ಇಣುಕಿದರೆ ಮತ್ತೇನೂ ಪರೀಕ್ಷೆ ಬೇಡ.

ಸಿಂಹ, ಲಂಗರು, ಒಂದು ಅಕ್ಷರ ಇದೆ. ಇಂಗ್ಲೆಂಡಿಂದೇ ಅಲ್ವಾ?

ಇಲ್ಲಿ ಬಹಳ ಜನ ಎಡವುತ್ತಾರೆ. ನಾನೂ ಎಡವಿದ್ದೆ. ಇಂಗ್ಲೆಂಡಿನಲ್ಲಿ ನಡೆಯುವ ಸಿಂಹ ಸ್ಟರ್ಲಿಂಗ್‌ನ ಗುರುತು, ಲಂಗರು ಬೆಳ್ಳಿಯ ಶುದ್ಧತೆ ಪರೀಕ್ಷಿಸುವ ಬರ್ಮಿಂಗ್‌ಹ್ಯಾಂ ಪರೀಕ್ಷಾಲಯದ ಗುರುತು. ಆದರೆ ಅಮೆರಿಕದ ಗೋರಮ್ ಕಂಪನಿಯ ಸ್ವಂತ ಮುದ್ರೆಯೂ ಸಿಂಹ, ಲಂಗರು, ‘ಜಿ’ ಅಕ್ಷರ. ಸಾಲಾಗಿ ಇವು ಮೂರೇ ಇದ್ದು, ಜೊತೆಗೆ ಸ್ಟರ್ಲಿಂಗ್ ಎಂದು ಬರೆದಿದ್ದರೆ ಅದು ಗೋರಮ್‌ನದು. ಇಂಗ್ಲೆಂಡಿನದರಲ್ಲಿ ಮಾಡಿದವರ ಹೆಸರಿನ ಅಕ್ಷರ ಬೇರೆ, ವರ್ಷದ ಅಕ್ಷರ ಬೇರೆ ಇರುತ್ತದೆ.

ಒಂದೇ ಹಿಡಿ, ಆದರೆ ಬಟ್ಟಲಲ್ಲಿ ಬೇರೆ ಬೇರೆ ಊರು. ನಕಲಿನಾ?

ಅಲ್ಲ. ಕಾರ್ಖಾನೆಯವರು ಉಕ್ಕಿನ ಅಚ್ಚಿನಲ್ಲಿ ಹಿಡಿಯನ್ನು ಸಾವಿರಗಟ್ಟಲೆ ಹೊಡೆದು, ಬಟ್ಟಲನ್ನು ಖಾಲಿ ಬಿಟ್ಟು ಅಂಗಡಿಗಳಿಗೆ ಕಳಿಸುತ್ತಿದ್ದರು. ಊರಿನ ಕೆತ್ತನೆಗಾರ ಅದರೊಳಗೆ ತನ್ನೂರಿನ ಹೆಸರು, ಚಿತ್ರ ಬಿಡಿಸುತ್ತಿದ್ದ. ಗಿರಾಕಿ ಕೇಳಿದರೆ ತಾರೀಕು, ಹೆಸರು ಕೂಡ. ನನಗೆ ಅತಿ ಇಷ್ಟವಾಗುವುದು ಈ ಕೈಕೆತ್ತನೆಯವೇ. ಅಚ್ಚಿನ ಚಿತ್ರ ಎಲ್ಲದರಲ್ಲೂ ಒಂದೇ. ಕೆತ್ತಿದ್ದರಲ್ಲಿ ಆ ದಿನ ಆ ಕೈ ಹೇಗೆ ಓಡಿತೋ ಹಾಗೆ.

ನಕಲು ಬೇರೆ ರೀತಿ ಇರುತ್ತದೆ. ಹಳೇ ಚಮಚದಿಂದ ಎರಕದ ಅಚ್ಚು ತೆಗೆದು ಮಾಡಿದರೆ ಮೂಗು, ಕಣ್ಣು, ಅಕ್ಷರಗಳ ಅಂಚು ಮೊಂಡಾಗಿರುತ್ತವೆ. ಮಸೂರ ಹಿಡಿದರೆ ಸೂಜಿಮೊನೆಯಷ್ಟು ಗುಳಿಗಳು ಕಾಣುತ್ತವೆ. ಹಿಂಬದಿಯ ಮುದ್ರೆಯೂ ಮಸುಕು.

ಕಪ್ಪಾಗಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಲಾ?

ದಯವಿಟ್ಟು ಬೇಡ. ರಂಗೋಲಿ ಪುಡಿ, ಹಲ್ಲುಪುಡಿ, ಟೂತ್‌ಪೇಸ್ಟ್ ಯಾವುದೂ ಬೇಡ. ದಿನಾ ಬಳಸುವ ದೀಪ, ತಟ್ಟೆಗೆ ನಡೆಯುತ್ತದೆ. ಈ ಚಮಚದ ಮೇಲಿನ ಕೆತ್ತನೆ ಕೂದಲೆಳೆಯಷ್ಟು ತೆಳು, ತಿಕ್ಕಿದಷ್ಟೂ ಅಳಿಯುತ್ತದೆ. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಬೆಳ್ಳಿ ಕಪ್ಪಾಗುತ್ತದೆ, ಅಷ್ಟೇ. ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ಸೋಪು, ಮೆತ್ತನೆ ಹತ್ತಿ ಬಟ್ಟೆ ಸಾಕು.

ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರಿನ ಉಪಾಯ ಎಲ್ಲರಿಗೂ ಗೊತ್ತು. ಅದು ಎಲ್ಲಾ ಕಪ್ಪನ್ನೂ ಎಳೆದುಬಿಡುತ್ತದೆ. ಚಿತ್ರ ಎದ್ದು ಕಾಣಲೆಂದು ಕುಸುರಿಗಾರ ಬೇಕೆಂದೇ ಸಂದುಗಳಲ್ಲಿ ಬಿಟ್ಟ ಕಪ್ಪೂ ಹೋಗುತ್ತದೆ, ಚಮಚ ಬೋಳಾಗುತ್ತದೆ. ಎನಾಮೆಲ್ (ಬಣ್ಣದ ಗಾಜಿನ ಲೇಪ) ಇರುವುದನ್ನು ಬಿಸಿನೀರಿಗೆ ಹಾಕಲೇಬೇಡಿ, ಬಿರುಕು ಬಿಡುತ್ತದೆ.

ಇಡುವಾಗ ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರಲ್ಲೂ ಗಂಧಕವಿದೆ. ಉಣ್ಣೆ ಬಟ್ಟೆಯೂ ಬೇಡ. ಚಿಕ್ಕಜ್ಜನ ಹಳೇ ಪಂಚೆಯೇ ಸರಿ. ಮೊಟ್ಟೆ ತಿನ್ನಲು ಬಳಸಿದರೆ ಕೂಡಲೇ ತೊಳೆಯಿರಿ.

ತೂಕಕ್ಕೆ ಹಾಕಿದ್ರೆ ಎಷ್ಟು ಬರುತ್ತೆ?

ಒಂದು ಟೀ ಚಮಚ ಸಾಮಾನ್ಯವಾಗಿ 15ರಿಂದ 25 ಗ್ರಾಂ. ಅವತ್ತಿನ ದರಕ್ಕೆ ನೀವೇ ಲೆಕ್ಕ ಹಾಕಬಹುದು. ಕಷ್ಟದಲ್ಲಿರುವವರಿಗೆ ಮಾರಬೇಡಿ ಅಂತ ನಾನು ಹೇಳಲಾರೆ. ಮಾರುವ ಮೊದಲು ಎರಡೂ ಬದಿಯ ಫೋಟೋ ತೆಗೆಯಿರಿ, ಮುದ್ರೆ ಓದಿ, ಸಂಗ್ರಹಕಾರರೊಬ್ಬರಿಗೆ ತೋರಿಸಿ. ಮೂರ್ತಿ ಇರುವುದು, ಒಳ್ಳೆಯ ಎನಾಮೆಲ್ ಕೆಲಸದ್ದು, ಸ್ವಾಮಿ ಕೆಲಸದ್ದು ತೂಕದ ಬೆಲೆಗಿಂತ ಎಷ್ಟೋ ಪಟ್ಟು ಹೋಗಬಹುದು. ನಮ್ಮ ಮನೆಯ ಆ ಮೂರಕ್ಕೆ ಒಂದು ಫೋಟೋ ಇದ್ದಿದ್ದರೂ ನನಗೆ ಸಾಕಿತ್ತು.

## ಆಳಕ್ಕೆ ಇಳಿದವರ ಪ್ರಶ್ನೆಗಳು

ಅಮೆರಿಕದ ಚಮಚದ ಮೇಲೆ ಸ್ವಸ್ತಿಕ ಇದೆ. ನಾಜಿಗಳದ್ದಾ?

ಬಹುಮಟ್ಟಿಗೆ ಅಲ್ಲ. ಅಮೆರಿಕದ ನೈಋತ್ಯ ಭಾಗದ ನವಾಹೋ ಜನ ಬೆಳ್ಳಿ ಕೆಲಸದಲ್ಲಿ ನಿಪುಣರು. ರೈಲಿನಲ್ಲಿ ಬರುವ ಪ್ರವಾಸಿಗರಿಗಾಗಿ ಚಮಚ ಮಾಡುತ್ತಿದ್ದರು. ಸುತ್ತುವ ಮರದ ದಿಮ್ಮಿಯನ್ನು ಸೂಚಿಸುವ ಅವರದೇ ಚಿಹ್ನೆಯೊಂದಿದೆ, ನೋಡಲು ನಮ್ಮ ಸ್ವಸ್ತಿಕದ ಹಾಗೇ. ಉಳಿದ ಅಮೆರಿಕನ್ನರೂ 1930ರ ಮೊದಲು ಅದನ್ನು ಅದೃಷ್ಟದ ಗುರುತಾಗಿ ಬಳಸುತ್ತಿದ್ದರು. 1940ರಲ್ಲಿ ನವಾಹೋ, ಹೋಪಿ, ಅಪಾಚೆ, ಪಾಪಗೋ ಜನರ ಪ್ರತಿನಿಧಿಗಳು ಸೇರಿ, ಇನ್ನು ಮುಂದೆ ಈ ಚಿಹ್ನೆಯನ್ನು ನಮ್ಮ ಕೆಲಸದಲ್ಲಿ ಬಳಸುವುದಿಲ್ಲ ಎಂದು ಸಹಿ ಹಾಕಿದರು. ಬಾಗಿಲಲ್ಲಿ ಸ್ವಸ್ತಿಕ ಬರೆಯುವ ಮನೆಯಲ್ಲಿ ಬೆಳೆದ ನನಗೆ ಅವರು ಬಿಟ್ಟುಕೊಟ್ಟದ್ದು ಎಷ್ಟು ದೊಡ್ಡದು ಅಂತ ಅರ್ಥವಾಗುತ್ತದೆ.

ಕಪ್ಪು ಜನರನ್ನು ಅಣಕಿಸುವ ಚಮಚ ಸಿಕ್ಕಿತು. ಇಟ್ಟುಕೊಳ್ಳಲಾ?

ಆ ಕಾಲದ ಅಮೆರಿಕದ ದಕ್ಷಿಣದ ಚಮಚಗಳಲ್ಲಿ ಇಂಥವು ಇವೆ. ಕಲ್ಲಂಗಡಿ ತಿನ್ನುವ ಕಪ್ಪು ಮಕ್ಕಳನ್ನು ವಿಕಾರವಾಗಿ ತೋರಿಸಿರುತ್ತಾರೆ. ನಾನು ಕೊಳ್ಳುವುದಿಲ್ಲ. ಕೈಗೆ ಬಂದದ್ದನ್ನು ಕರಗಿಸುವುದೂ ಸರಿ ಅನ್ನಿಸುವುದಿಲ್ಲ. ಚಂದದ ಮನೆಗಳ ಟೀ ಮೇಜಿನ ಮೇಲೆ ಏನು ಇತ್ತು ಅನ್ನುವುದಕ್ಕೆ ಅದು ಸಾಕ್ಷಿ. ಗೋಡೆಗೆ ನೇತು ಹಾಕಬೇಡಿ. ಏನೆಂದು ಚೀಟಿ ಬರೆದು ಜೊತೆಗಿಡಿ.

ಮಗಳು ಅಮೆರಿಕದಲ್ಲಿದ್ದಾಳೆ. ಅಜ್ಜಿಯ ಸ್ವಾಮಿ ಚಮಚ ಅವಳಿಗೆ ಕಳಿಸಬಹುದಾ?

ಮೊದಲು ವಿಚಾರಿಸಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾಕುಸುರಿಯ ವಸ್ತು ಪುರಾವಸ್ತು ಅನ್ನಿಸಿಕೊಳ್ಳಬಹುದು. ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಭಾರತೀಯ ಪುರಾತತ್ವ ಇಲಾಖೆಯ ಕಚೇರಿಗೆ ತೋರಿಸಿ, ಪುರಾವಸ್ತು ಅಲ್ಲ ಎಂಬ ಪ್ರಮಾಣಪತ್ರ ಸಿಕ್ಕರೆ ಆಮೇಲೆ ಕಳಿಸಿ.

ಚಮಚ ಯಾರದಾಗಿತ್ತು ಅಂತ ಕಂಡುಹಿಡಿಯೋಕೆ ಆಗುತ್ತಾ?

ಹೆಸರು ಸಿಗುವುದು ಅಪರೂಪ. ಆದರೆ ಮನುಷ್ಯರ ಸುಳಿವು ಸಿಗುತ್ತದೆ. ಚಿಕ್ಕಜ್ಜನ ಗಂಟಿನಲ್ಲಿದ್ದ ನಯಾಗರಾದ ಚಮಚ ನನ್ನ ಮೇಜಿನ ಮೇಲೇ ಇದೆ. ಬಟ್ಟಲೊಳಗೆ ಜಲಪಾತ. ನೀರಿಗೆ ಸುಮಾರು ನಲವತ್ತು ಗೆರೆ ಎಳೆದಿದ್ದಾರೆ, ಮಸೂರ ಹಿಡಿದು ಎಣಿಸಿದ್ದೇನೆ. ಬಲಗಡೆಯ ಎರಡು ಗೆರೆ ಒಂದಕ್ಕೊಂದು ತಾಗಿವೆ, ಉಳಿ ಅಲ್ಲಿ ಜಾರಿರಬೇಕು. ಕೆಳಗೆ 1904. ಹಿಡಿಯ ಹಿಂದೆ ಇಂಗ್ಲಿಷಿನಲ್ಲಿ ‘ಅಮ್ಮನಿಂದ’ ಅಂತ ಎರಡೇ ಪದ. ಇನ್ನು ಬಟ್ಟಲಿನ ತುದಿಯ ಎಡ ಅಂಚು ನೋಡಿ, ಬಲ ಅಂಚಿಗಿಂತ ಚೆನ್ನಾಗಿ ಸವೆದಿದೆ. ಬಲಗೈಯಲ್ಲಿ ಹಿಡಿದು ವರ್ಷಗಟ್ಟಲೆ ಟೀ ಕಪ್ಪಿನ ತಳ ಕಲಕಿದರೆ ಚಮಚ ಸವೆಯುವುದು ಹಾಗೆ. ಅಮ್ಮ ಕೊಟ್ಟದ್ದನ್ನು ಆ ಮಗನೋ ಮಗಳೋ ಗಾಜಿನ ಕಪಾಟಿನಲ್ಲಿ ಇಟ್ಟಿರಲಿಲ್ಲ, ದಿನಾ ಬಳಸುತ್ತಿದ್ದರು.